ವಿಮಾ ಕಾರ್ಡಿನ ಮೂರು ಜ್ವರಗಳು

ನನ್ನ ಷಡ್ಡಕನ ಹತ್ತಿರ ಒಂದು ವಿಮಾ ಕಾರ್ಡು ಇತ್ತು. ನನ್ನ ಹತ್ತಿರ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಎರಡು ಮೂರು ವರ್ಷ ನಾನು ಪಟ್ಟ ಹೊಟ್ಟೆಕಿಚ್ಚೆಲ್ಲ ಬಹುತೇಕ ಆ ಒಂದು ಕಾರ್ಡಿನ ಮೇಲಿನದು.

ನಾವಿಬ್ಬರೂ ಇಳಕಲ್ಲಿನ ಒಂದೇ ಮನೆಯ ಅಳಿಯಂದಿರು. ನನಗೆ ಹಿರಿಯ ಮಗಳು, ಅವನಿಗೆ ಕಿರಿಯಳು. ಇಬ್ಬರ ಸಂಸಾರವೂ ಬಾಗಲಕೋಟೆಯಲ್ಲೇ, ಎರಡು ಓಣಿ ಆಚೆ ಈಚೆ. ನಾನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ಊರಿನ ಸುದ್ದಿ ಕಳಿಸುತ್ತಿದ್ದೆ. ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕವರು ಕೊಡುವುದು, ಮರುದಿನ ಪತ್ರಿಕೆ ಬಂದಾಗ ಎಷ್ಟು ಉಳಿಸಿದ್ದಾರೆ, ಎಷ್ಟು ಕತ್ತರಿಸಿದ್ದಾರೆ ಎಂದು ನೋಡುವುದು. ಅಚ್ಚಾದಷ್ಟಕ್ಕೆ ಗೌರವಧನ. ಕಾಯಂ ನೌಕರಿ ಅಲ್ಲ, ಆದ್ದರಿಂದ ವಿಮೆ ಎಂಬ ಮಾತೇ ಇರಲಿಲ್ಲ. ಷಡ್ಡಕ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ವಿಭಾಗದಲ್ಲಿದ್ದ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಹುಬ್ಬಿನ ಮೇಲೆ ಸಿಮೆಂಟಿನ ಬೂದಿ ಹತ್ತಿಕೊಂಡೇ ಮನೆಗೆ ಬರುತ್ತಿದ್ದ. ಅವನ ಸಂಬಳದಲ್ಲಿ ಪ್ರತಿ ತಿಂಗಳೂ ಸ್ವಲ್ಪ ಮುರಿದುಕೊಂಡು, ಅದರ ಬದಲಿಗೆ ಮನೆಮಂದಿಗೆಲ್ಲ ದವಾಖಾನೆ ಪುಕ್ಕಟೆ ಎಂದು ಆ ಕಾರ್ಡು ಕೊಟ್ಟಿದ್ದರು. ದಪ್ಪ ಕಾಗದದ ಮಡಿಕೆ. ಒಳಗೆ ಅವನ ಹೆಸರು, ಕೆಳಗೆ 'ಹೆಂಡತಿ' ಎಂದು ಒಂದು ಸಾಲು, ಅದರ ಕೆಳಗೆ ಮಕ್ಕಳಿಗೆಂದು ಬಿಟ್ಟ ನಾಲ್ಕು ಖಾಲಿ ಸಾಲು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಫೋಟೊದ ಹಿಂದೆ ಇಡುತ್ತಿದ್ದರು.

ಖಾಲಿ ಸಾಲುಗಳ ವಿಷಯದಲ್ಲಿ ನಾವಿಬ್ಬರೂ ಸಮ. ನನ್ನ ಹೆಂಡತಿಗೆ ಎರಡು ಸಲ ಬಸಿರು ಇಳಿದು ಹೋಗಿತ್ತು, ಅವಳ ತಂಗಿಗೆ ಮೂರು ಸಲ. ಎಲ್ಲವೂ ಕುಬಸದ, ಅಂದರೆ ಸೀಮಂತದ, ಮಾತು ಶುರುವಾಗುವ ಹೊತ್ತಿಗೆ, ಐದನೆಯ ತಿಂಗಳ ಆಸುಪಾಸಿನಲ್ಲಿ.

ಎರಡನೆಯ ಸಲ ಆದ ಮೇಲೆ ನಾನು ಹೆಂಡತಿಯನ್ನು ಹುಬ್ಬಳ್ಳಿಯ ಖಾಸಗಿ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದಿದ್ದೆ. ಅವರು ಸಮಾಧಾನದಿಂದ ಕೇಳಿ, ಒಂದು ಚೀಟಿಯಲ್ಲಿ ಆಗಬೇಕಾದ ತಪಾಸಣೆಗಳನ್ನು ಬರೆದುಕೊಟ್ಟರು. ರಕ್ತದ್ದು, ಮೂತ್ರದ್ದು, ಆಮೇಲೆ ಗರ್ಭಕೋಶದ ಫೋಟೊ. ಎಷ್ಟು ಖರ್ಚಾಗುತ್ತದೆಂದು ಹೊರಗಿನ ಕಿಡಕಿಯಲ್ಲಿ ಕೇಳಿ ಚೀಟಿ ಮಡಚಿ ಡೈರಿಯಲ್ಲಿಟ್ಟೆ. ಮುಂದಿನ ಡೈರಿಗೂ ಅದು ವರ್ಗವಾಯಿತು. ಹೆಂಡತಿ ಅದರ ಬಗ್ಗೆ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಾದಿನಿ ವಿಮಾ ದವಾಖಾನೆಯಿಂದ ಕೆಂಪು ಟಾನಿಕ್ ತರುತ್ತಿದ್ದಳು. ಅದರಲ್ಲಿ ಅರ್ಧ ಇನ್ನೊಂದು ಬಾಟಲಿಗೆ ಸುರಿದು ಅಕ್ಕನಿಗೆ ಕೊಡುತ್ತಿದ್ದಳು.

"ಪುಕ್ಕಟೆ ಐತಿ ತಗೋಳ ಅಕ್ಕಾ. ನಾ ಒಬ್ಬಾಕಿನ ಕುಡದು ಎಷ್ಟರ ದಪ್ಪ ಆಗ್ಲಿ?"

"ಆಕಿ ಹೆಸರಿಲೆ ಕೊಟ್ಟ ಔಷಧ ಆಕಿನ ಕುಡೀಬೇಕು," ಎಂದು ನಾನು ಒಳಗಿನಿಂದ ಹೇಳಿದೆ.

"ಮಾಮಾ, ಬಾಟ್ಲಿ ಮ್ಯಾಲೆ ಹೆಸರ ಇಲ್ಲರಿ," ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಬಾಟಲಿ ಅಡುಗೆಮನೆಯ ಗೂಡಿನಲ್ಲಿ ಇದ್ದಷ್ಟು ದಿನ ನಾನು ಆ ಕಡೆ ನೋಡದೆ ಊಟ ಮಾಡಿದೆ.

ನಾದಿನಿಗೆ ಮೂರನೆಯದೂ ಹೋದ ಮೇಲೆ ವಿಮಾ ದವಾಖಾನೆಗೆ ಹೊಸ ಡಾಕ್ಟರು ಬಂದರು. ಷಡ್ಡಕ ಅವರೊಬ್ಬರ ಮುಂದೆ ನಡೆದದ್ದನ್ನು ಹೇಳಿಕೊಂಡ. ಹೀಗೆ ಮೇಲಿಂದ ಮೇಲೆ ಆದವರನ್ನು ವಿಮೆಯ ಖರ್ಚಿನಲ್ಲೇ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿ ಎಲ್ಲ ತಪಾಸಣೆ ಮಾಡಿಸಬಹುದು ಎಂದು ಅವರು ಷಡ್ಡಕನಿಗೆ ಹೇಳಿದರಂತೆ. ಆ ಸುದ್ದಿಯನ್ನು ಅವನು ಕೆಲಸ ಬಿಟ್ಟವನೇ ನಮ್ಮ ಮನೆಗೆ ತಂದ. ನಾನು ನೀರಿನ ಕೊರತೆಯ ಬಗ್ಗೆ ಬರೆಯುತ್ತಿದ್ದೆ. "ಚಲೋ ಆತು," ಎಂದೆ. ಡೈರಿಯೊಳಗಿನ ಚೀಟಿ ನೆನಪಾಯಿತು. ಅದರಲ್ಲಿದ್ದ ಒಂದೊಂದು ತಪಾಸಣೆಯೂ ಇನ್ನು ಚೀಲ ತುಂಬುವವನ ಹೆಂಡತಿಗೆ ಆಗುತ್ತದೆ ಎಂದುಕೊಂಡೆ. ಈ ಮಾತನ್ನು ಹೀಗೆಯೇ ಅಂದುಕೊಂಡೆ, ಮೃದು ಮಾಡಿ ಬರೆಯುವುದರಲ್ಲಿ ಅರ್ಥವಿಲ್ಲ.

ವಾರದ ನಂತರ ಅವನು ಮತ್ತೆ ಬಂದ. ಮುಖ ಇಳಿದಿತ್ತು. ಡಾಕ್ಟರು ಕಾಗದ ಬರೆಯಲು ಹಳೆಯ ದಾಖಲೆ ತೆಗೆಸಿ ನೋಡಿದರೆ, ಮೂರು ಸಲವೂ ಅಲ್ಲಿ 'ಜ್ವರ' ಎಂದು ಬರೆದಿತ್ತು. ಜ್ವರ, ಮೂರು ದಿನದ ಗುಳಿಗೆ. ಜ್ವರ, ಗುಳಿಗೆ. ಜ್ವರ.

ಅದು ದವಾಖಾನೆಯವರ ತಪ್ಪಲ್ಲ. ಮೂರು ಸಲವೂ ಕಂಪೌಂಡರನಿಗೆ ಜ್ವರ ಎಂದು ಹೇಳಿದವನು ಷಡ್ಡಕನೇ. ಅವನಿಗೆ ಹಾಗೆ ಹೇಳೆಂದವರು ನಮ್ಮ ಅತ್ತೆ. ಇಳಕಲ್ಲಿನ ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿಗೂ ಕಲಿಸಿದ್ದು ಅದೇ: ಕೂಸು ಹೋದರೆ ಹೋಯಿತು ಎನ್ನಬಾರದು, ಜ್ವರ ಎನ್ನಬೇಕು. ಈಕೆಯ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂಬ ಮಾತು ಒಮ್ಮೆ ಹೊರಬಿದ್ದರೆ ಗಂಡನ ಕಡೆಯವರು ಇನ್ನೊಂದು ಹೆಣ್ಣು ನೋಡಲು ಹೊರಡುತ್ತಾರೆ. ಕಂಪೌಂಡರ್ ಹುನಗುಂದದ ಕಡೆಯವನು. ಮಾತು ಹುನಗುಂದ ಮುಟ್ಟಿದರೆ ಇಳಕಲ್ಲು ಎಷ್ಟು ದೂರ?

"ಅದು ಜ್ವರ ಅಲ್ಲ ಅಂತ ಗಂಡ ಬರದುಕೊಟ್ರ ನಡಿಯೂದಿಲ್ಲಂತ," ಎಂದ ಷಡ್ಡಕ. "ಕಣ್ಣಾರೆ ಕಂಡಾವ್ರು, ಓದು ಬರಹ ಬಲ್ಲಾವ್ರು ಒಬ್ರು ಬರದು ಸಹಿ ಮಾಡ್ಬೇಕಂತ. ಅಣ್ಣಾರ, ಕೆರೂರಾಗ ನೀವ ಇದ್ರಿ. ನೀವು ಎಲ್ಲಾ ಬರದಿಡ್ತೀರಿ."

ನಿಜ, ಕೆರೂರಿನಲ್ಲಿ ನಾನಿದ್ದೆ. ಒಂದೂವರೆ ವರ್ಷದ ಹಿಂದಿನ ಮಾತು. ಮಂತ್ರಿಯೊಬ್ಬರು ಗುಹೆ ನೋಡಲು ಬಂದರೆಂದು ನಾನು ಬಾದಾಮಿಗೆ ಹೋಗಿದ್ದೆ. ವಾಪಸು ಬರುವಾಗ ಅದೇ ಬಸ್ಸಿನಲ್ಲಿ, ಬನಶಂಕರಿಗೆ ಉಡಿ ತುಂಬಿ ಬರುತ್ತಿದ್ದ ಈ ಗಂಡ ಹೆಂಡತಿ ಸಿಕ್ಕರು. ಕೆರೂರಿನಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು. ಇಳಿದವಳು ನಾಲ್ಕು ಹೆಜ್ಜೆ ನಡೆದು ಕುಳಿತುಬಿಟ್ಟಳು. ಸಂತೆಯ ದಿನ. ಕುರಿ ಮಾರಿ ಕುಳಿತಿದ್ದ ಒಬ್ಬ ಮುದುಕಿ ಎದ್ದು ಬಂದು, ಅವಳನ್ನು ನೋಡಿ, ತನ್ನ ಗಂಡನ ಹೆಗಲ ಮೇಲಿನ ಕರಿ ಕಂಬಳಿಯನ್ನು ಎಳೆದುಕೊಂಡಳು. ಮೆಣಸಿನಕಾಯಿ ಮಾರುವ ಮೂವರು ಹೆಂಗಸರನ್ನು ಕರೆದು ನಾಲ್ಕು ಮೂಲೆ ಹಿಡಿದು ಗೋಡೆ ಮಾಡಿದಳು.

"ಏ ತಮ್ಮಾ, ಪುಸ್ತಕ ಹಿಡಕೊಂಡು ಏನ್ ನಿಂತಿ? ಆ ಕಡೆ ಮಾರಿ ಮಾಡು!" ಎಂದು ನನ್ನನ್ನು ಗದರಿದಳು.

ಅಂದಿನ ಡೈರಿಯನ್ನು ತೆಗೆದು ಷಡ್ಡಕನ ಮುಂದೆ ಹಿಡಿದೆ. ಮಂತ್ರಿ ಬಂದದ್ದು ಒಂದು ತಾಸು ತಡ, ಹಾರ ಹಾಕಿದವರು ಯಾರು, ಯಾವ ಗುಹೆಯ ಮುಂದೆ ಎಷ್ಟು ಹೊತ್ತು ನಿಂತರು, ಎಲ್ಲ ಇತ್ತು. ಕೊನೆಯ ಸಾಲು: 'ಕೆರೂರಿನಲ್ಲಿ ನಾದಿನಿಗೆ ಜ್ವರ.'

"ನೋಡಪಾ, ನನ್ನ ಡೈರಿಯಾಗೂ ಜ್ವರ ಅಂತನ ಐತಿ," ಎಂದೆ. "ಅಲ್ದ ಕಂಬಳಿ ಆಚೆ ಏನಾತು ಅನ್ನೂದು ನಾ ನೋಡಿಲ್ಲ. ನೋಡದ್ದು ಬರದು ಸಹಿ ಮಾಡೂದು ನಮ್ಮ ಕಸಬಿನಾಗ ಇಲ್ಲ."

ಅವನು ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. "ಹೌದಲ್ರಿ," ಎಂದ. ಚಪ್ಪಲಿ ಮೆಟ್ಟಿಕೊಂಡು ಹೋದ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಹೇಳಿದ್ದರಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ. ಆದರೆ ಅವನು ಓಣಿ ತಿರುಗಿದ ಮೇಲೆ ನನಗಾದದ್ದು ಸಮಾಧಾನ. ಆ ಕಾರ್ಡು ಈಗ ನನ್ನ ಚೀಟಿಯಷ್ಟೇ ಕೆಲಸಕ್ಕೆ ಬಾರದ್ದಾಗಿತ್ತು.

ಹೆಂಡತಿ ಒಳಗಿದ್ದು ಎಲ್ಲ ಕೇಳಿದ್ದಳು. ಎಂಟು ದಿನ ಆ ಮಾತು ಎತ್ತಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದಾಗ ಎದುರಿಗೆ ಬಂದು ಕುಳಿತಳು.

"ತಂಗಿಗೆ ಮತ್ತ ಮೂರು ತಿಂಗಳಾಗ್ಯಾವ. ಯಾರಿಗೂ ಹೇಳಿಲ್ಲ. ನನಗ ನಿನ್ನೆ ಹೇಳಿದ್ಲು."

ನಾನು ಬಟ್ಟಲು ಕೆಳಗಿಟ್ಟೆ.

"ಐದು ತುಂಬೂದರೊಳಗ ಏನಾರ ತಪಾಸ ಆಗ್ಲಿಲ್ಲಂದ್ರ ಇದೂ ಹೋಗತೈತಿ. ನೀವು ಬರೀಬೇಕು."

"ಕಂಬಳಿ ಆಚೆ—"

"ಕಂಬಳಿ ಆಚೆದು ನಿಮ್ಮನ್ನ ಯಾರು ಕೇಳ್ಯಾರ? ಈಚೆ ನಿಂತು ಏನ್ ಕಂಡ್ರಿ, ಅದನ್ನ ಬರೀರಿ."

ನಾನು ಕೇಳಿದೆ: "ನಿನಗ ಹೊಟ್ಟಿಕಿಚ್ಚು ಆಗೂದಿಲ್ಲೇನು?"

"ಆಗತೈತಿ," ಎಂದಳು. "ಆಕಿ ಹುಬ್ಬಳ್ಳಿಗೆ ಹೋಗ್ತಾಳಂತ ಕೇಳಿದ ದಿನ ನಾ ರೊಟ್ಟಿ ಸುಟ್ಟಿನಿ. ನೀವು ಸುಟ್ಟ ರೊಟ್ಟಿನ ಉಂಡ್ರಿ, ಗೊತ್ತಾಗ್ಲಿಲ್ಲ. ಅದು ಬ್ಯಾರೆ. ಬರೀರಿ."

ಪತ್ರಿಕೆಗೆ ಬರೆಯುವಂತೆ ಹಾಳೆಯ ಒಂದೇ ಬದಿಗೆ ಬರೆದೆ. ಯಾವ ಬಸ್ಸು, ಎಷ್ಟು ಗಂಟೆ. ಅವಳು ಎಲ್ಲಿ ಕುಳಿತಳು. ಕಂಬಳಿ ಹಿಡಿದವರು ನಾಲ್ವರು ಹೆಂಗಸರು. ಚಹಾದಂಗಡಿಯಿಂದ ಎರಡು ಕೊಡ ನೀರು ಒಳಗೆ ಹೋದದ್ದು, ಕಂಬಳಿಯ ಕೆಳಗಿನಿಂದ ಹರಿದು ಬಂದ ನೀರು ಕೆಂಪಾಗಿದ್ದದ್ದು. ಮುದುಕಿ ಬಿಳಿ ಬಟ್ಟೆಯಲ್ಲಿ ಸುತ್ತಿದ, ಮೊಳಕ್ಕಿಂತ ಸಣ್ಣದಾದ ಒಂದು ಗಂಟನ್ನು ಷಡ್ಡಕನ ಕೈಗೆ ಕೊಟ್ಟದ್ದು. ಅವನು ಚಹಾದಂಗಡಿಯವನ ಸಲಿಕೆ ಕೇಳಿದ್ದು. ನಿಲ್ದಾಣದ ಹಿಂದಿನ ಬೇವಿನ ಗಿಡದ ಹತ್ತಿರ ಅವನು ಅಗೆಯುವಾಗ ಪಕ್ಕದಲ್ಲಿ ನಿಂತವನು ನಾನು. ಇಷ್ಟು ಕಂಡವನು ಅಂದು ಸಂಜೆ ಮನೆಗೆ ಬಂದು 'ಜ್ವರ' ಎಂದು ಬರೆದಿದ್ದೆ. ಯಾರೂ ಹೇಳಿಕೊಡದಿದ್ದರೂ ಅತ್ತೆಯ ಪಾಠ ನನ್ನ ಲೇಖನಿಗೂ ಬಂದಿತ್ತು.

ಷಡ್ಡಕನ ಜೊತೆ ನಾನೇ ವಿಮಾ ದವಾಖಾನೆಗೆ ಹೋದೆ. ಡಾಕ್ಟರು ಮೈಸೂರು ಕಡೆಯವರು. ಹಾಳೆಯನ್ನು ಎರಡು ಸಲ ಓದಿ ನನ್ನ ಕೈಯಲ್ಲಿದ್ದ ಡೈರಿ ಕೇಳಿದರು.

"ಇಲ್ಲಿಯೂ ಜ್ವರ ಅಂತಲೇ ಇದೆಯಲ್ಲ?"

"ಹೌದ್ರಿ. ಬರೆದಾವ ನಾನ. ಅದು ಸುಳ್ಳು."

"ಪತ್ರಿಕೆಯಲ್ಲಿ ಹೀಗಾದರೆ ಏನು ಮಾಡುತ್ತೀರಿ?"

"ಮರುದಿನ ತಿದ್ದುಪಡಿ ಹಾಕ್ತೇವ್ರಿ."

"ಇದಕ್ಕೆ ಒಂದೂವರೆ ವರ್ಷ ತೆಗೆದುಕೊಂಡಿರಿ," ಎಂದು ಹೇಳಿ ಅವರು ಹಾಳೆಯ ಮೇಲೆ ಠಸ್ಸೆ ಹೊಡೆದರು. ನಾನು ಬರೆದ ನೂರಾರು ಸುದ್ದಿಗಳಲ್ಲಿ ಒಂದಕ್ಷರವೂ ಕತ್ತರಿಸದೆ ಉಳಿದದ್ದು ಅದೊಂದೇ ಇರಬೇಕು. ನಾದಿನಿಯ ಎರಡೂ ಕಡೆಯ ಬಸ್ಸಿನ ಖರ್ಚೂ ವಿಮೆಯದೇ ಎಂದು ಆಗ ತಿಳಿಯಿತು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಹುಬ್ಬಳ್ಳಿಯಲ್ಲಿ ಎಲ್ಲ ತಪಾಸಣೆ ಮಾಡಿದರು. ರಕ್ತದಲ್ಲಿ ದೋಷವಿರಲಿಲ್ಲ. ಗರ್ಭಕೋಶದ ಬಾಯಿ ಸಡಿಲ, ಭಾರ ಹೆಚ್ಚಿದಂತೆ ತಡೆಯುವುದಿಲ್ಲ ಎಂದರು. ಒಂದು ಹೊಲಿಗೆ ಹಾಕಿ, ಮಲಗಿಯೇ ಇರಬೇಕೆಂದು ಹೇಳಿ ಕಳಿಸಿದರು. ಐದು ತಿಂಗಳು ನನ್ನ ಹೆಂಡತಿ ಎರಡೂ ಮನೆಯ ರೊಟ್ಟಿ ಬಡಿದಳು. ಹೆಣ್ಣುಮಗು ಹುಟ್ಟಿತು. ಕಾರ್ಡಿನ ಮೊದಲ ಖಾಲಿ ಸಾಲು ತುಂಬಿತು. ಷಡ್ಡಕ ಅದನ್ನು ನನಗೆ ತೋರಿಸಲು ತಂದಿದ್ದ. ಪ್ಲಾಸ್ಟಿಕ್ ಚೀಲದಿಂದ ತೆಗೆಯುವಾಗ ಅವನ ಕೈ ತೊಳೆದು ಸ್ವಚ್ಛವಾಗಿತ್ತು.

ನಮ್ಮ ಚೀಟಿಯನ್ನು ಹಿಡಿದು ನಾವೂ ಕೊನೆಗೆ ಹುಬ್ಬಳ್ಳಿಗೆ ಹೋದೆವು, ಎಂಬತ್ತರ ದಶಕ ಶುರುವಾದ ಮೇಲೆ. ನನ್ನ ಹೆಂಡತಿಯಲ್ಲಿ ಅಂಥ ಯಾವ ದೋಷವೂ ಕಾಣಲಿಲ್ಲ. ಕಾರಣ ಗೊತ್ತಾಗಲಿಲ್ಲ. ಆಮೇಲೆ ಬಸಿರೂ ಆಗಲಿಲ್ಲ.

ಆದರೆ ನಾನು ಹೇಳಬೇಕೆಂದದ್ದು ಷಡ್ಡಕನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನದ ಮಾತು. ಇಳಕಲ್ಲಿನಲ್ಲಿ ತೊಟ್ಟಿಲು ಕಾರ್ಯ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆವು. ಮಗುವನ್ನು ತೊಟ್ಟಿಲ ಕೆಳಗಿನಿಂದ ದಾಟಿಸಿ ಕೊಟ್ಟವಳು ನನ್ನ ಹೆಂಡತಿ. ಮನೆಗೆ ಬಂದು ಸೀರೆ ಬದಲಿಸುವ ಮೊದಲೇ, "ಡೈರಿ ತಗೀರಿ," ಎಂದಳು. "ಹಳೇವು. ನಮ್ಮವೆರಡು ಅದಾವಲ್ಲ, ಅವು."

ತೆಗೆದೆ. ಎರಡು ಕಡೆಯೂ 'ಆಕೆಗೆ ಜ್ವರ' ಎಂದಿತ್ತು.

"ತಿದ್ದರಿ."

"ಇದನ್ನ ಯಾವ ಆಫೀಸಿನಾಗೂ ಯಾರೂ ಕೇಳೂದಿಲ್ಲ," ಎಂದೆ.

"ಆಕಿದು ಠಸ್ಸೆ ಹೊಡದು ಇಟ್ಟಾರ. ನಂದು ಜ್ವರ ಅಂತ ಉಳೀಬೇಕೇನು?"

ಲೇಖನಿ ತೆಗೆದುಕೊಂಡೆ. ಆದರೆ ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಮೊದಲ ಸಲ ನಾನು ಹುನಗುಂದದಲ್ಲಿ ಚುನಾವಣೆಯ ಸಭೆಯಲ್ಲಿದ್ದೆ, ಎರಡನೆಯ ಸಲ ಕೂಡಲಸಂಗಮದಲ್ಲಿ ಹೊಳೆ ಏರಿದ್ದನ್ನು ನೋಡುತ್ತಿದ್ದೆ. ಕಂಬಳಿಯ ಈಚೆಯೂ ನಾನಿರಲಿಲ್ಲ.

"ನಾ ಹೇಳ್ತೇನಿ, ನೀವು ಬರಕೋರಿ," ಎಂದು ಅವಳು ಗೋಡೆಗೆ ಒರಗಿ ಕುಳಿತಳು. "ಮುಂಜಾನೆ ಹತ್ತು ಹೊಡದಿತ್ತು. ನಾ ನೀರ ತರಾಕ ಕೊಡ ಎತ್ತಿದ್ದೆ."

ನಾನು 'ಜ್ವರ'ದ ಮೇಲೆ ಒಂದು ಗೆರೆ ಎಳೆದು, ಅವಳು ಹೇಳಿದಂತೆ ಬರೆದುಕೊಳ್ಳತೊಡಗಿದೆ.