ವರ್ನೆಲ್ ಎದೆಗೆ ಯಾವ ಹೂ

ತಾಯಂದಿರ ದಿನದ ಭಾನುವಾರ ನಮ್ಮ ಗ್ರೀನ್‌ವುಡ್‌ನ ಚರ್ಚಿನೊಳಕ್ಕೆ ಹೂ ಇಲ್ಲದೆ ಯಾರೂ ಕಾಲಿಡುವುದಿಲ್ಲ. ತಾಯಿ ಬದುಕಿದ್ದರೆ ಕೆಂಪು, ತೀರಿಕೊಂಡಿದ್ದರೆ ಬಿಳಿ. ಬಾಗಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬಂದವರ ಎದೆಗೆಲ್ಲ ಹೂ ಚುಚ್ಚುವ ಕೆಲಸ ಎಷ್ಟೋ ವರ್ಷಗಳಿಂದ ವರ್ನೆಲ್ ಟಾಲಿವರಳದು. ನಮ್ಮಲ್ಲಿ ಬಾಗಿಲು ಕಾಯುವ ಹೆಂಗಸರಿಗೆಲ್ಲ ಹಿರಿಯಳು ಅವಳು. ಬಿಳಿ ಸಮವಸ್ತ್ರ, ಬಿಳಿ ಕೈಗವಸು, ಇಸ್ತ್ರಿ ಮಾಡಿದ ಮುಖ. ಪ್ರಾರ್ಥನೆ ನಡೆಯುವಾಗ ತಡವಾಗಿ ಬಂದವನು ಪಾಸ್ಟರನ ಒಡಹುಟ್ಟಿದವನಾದರೂ ಹೊರಗೇ ನಿಲ್ಲಬೇಕು. ಅವಳ ಕಣ್ಣಿಗೆ ಹೆದರಿ ನಾನೇ ಎಷ್ಟೋ ಸಲ ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಅಗಿಯದೆ ನುಂಗಿದ್ದೇನೆ.

ಎಲ್ಲರಿಗೂ ಹೂ ಚುಚ್ಚುವವಳ ಎದೆಯಲ್ಲಿ ಮಾತ್ರ ಹೂ ಇರುತ್ತಿರಲಿಲ್ಲ. ಬ್ಯಾಡ್ಜ್ ಇದೆಯಲ್ಲ, ಹೂವಿಗೆ ಜಾಗವೆಲ್ಲಿ ಎಂದುಕೊಂಡಿರಬೇಕು ಜನ. ಹೆಚ್ಚಿನವರು ಅಷ್ಟನ್ನೂ ಅಂದುಕೊಂಡಿರಲಿಲ್ಲ. ಆದರೆ ನಾನು, ಡೋರೆಥಾ, ಅವಳ ಬೀದಿಯಲ್ಲೇ ಹುಟ್ಟಿ ಬೆಳೆದವಳು. ನನಗೆ ಗೊತ್ತಿತ್ತು. ವರ್ನೆಲ್‌ಗೆ ಯಾವ ಬಣ್ಣ ತೆಗೆದುಕೊಳ್ಳಬೇಕೆಂದೇ ಗೊತ್ತಿರಲಿಲ್ಲ.

ಅವಳ ತಾಯಿ ಓಜೆಲ್ಲಾ ಗೇನ್ಸ್ ಷಿಕಾಗೋ ರೈಲು ಹತ್ತಿದಾಗ ನಾವಿಬ್ಬರೂ ಇನ್ನೂ ಹಾಲುಹಲ್ಲು ಬೀಳುವ ವಯಸ್ಸಿನವರು. ಆ ಕಾಲದಲ್ಲಿ ನಮ್ಮ ಕಪ್ಪು ಜನ ಕೆಲಸ ಹುಡುಕಿಕೊಂಡು ಮನೆಗೊಬ್ಬರಂತೆ ಉತ್ತರದ ಊರುಗಳಿಗೆ ಹೋಗುತ್ತಿದ್ದರು, ಅದರಲ್ಲಿ ವಿಶೇಷವೇನಿರಲಿಲ್ಲ. ಓಜೆಲ್ಲಾ ಬಿಳಿಯರ ಅಡುಗೆಮನೆಗಳಲ್ಲಿ ಪಾತ್ರೆ ಉಜ್ಜಿ ಸಾಕಾದವಳು. ಅವಳು ಪೆಟ್ಟಿಗೆ ಹೊತ್ತು ಮುಂದೆ, ದಾರಿಗೆಂದು ಕರಿದ ಕೋಳಿಯ ರಟ್ಟಿನ ಡಬ್ಬಿ ಹಿಡಿದು ವರ್ನೆಲ್ ಹಿಂದೆ, ಸ್ಟೇಷನ್ನಿಗೆ ನಡೆದುಕೊಂಡೇ ಹೋದರು. ನೆಲೆ ನಿಂತ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ಮಗಳಿಗೆ ಹೇಳಿ ಹೋದಳು. ಸ್ವಲ್ಪ ಕಾಲ ದುಡ್ಡು ಬಂತು. ಒಂದು ಕ್ರಿಸ್‌ಮಸ್‌ಗೆ ಕೋಟು ಬಂತು, ಮಗಳು ಬೆಳೆದಿರುತ್ತಾಳೆಂದು ದೊಡ್ಡದನ್ನೇ ಕಳಿಸಿದ್ದಳು. ಆಮೇಲೆ ಏನೂ ಬರಲಿಲ್ಲ.

ವರ್ನೆಲ್ ತನ್ನನ್ನು ಸಾಕುತ್ತಿದ್ದ ಅಜ್ಜಿಯನ್ನು ಕೇಳಿದರೆ, ಅವಳು ಒಂದು ದಿನ ಕಾಯಿಲೆ ಬಿದ್ದಿದ್ದಾಳೆ ಅನ್ನುವಳು, ಇನ್ನೊಂದು ದಿನ ಬೇರೆ ಗಂಡ ಸಿಕ್ಕಿದ್ದಾನೆ ಅನ್ನುವಳು, ಮತ್ತೊಂದು ದಿನ ಸುಮ್ಮನೆ ಬಟಾಣಿ ಬಿಡಿಸುವಳು. ಷಿಕಾಗೋದಿಂದ ಬಂದ ಒಬ್ಬ ಅವಳನ್ನು ಬಸ್ಸಿನಲ್ಲಿ ಕಂಡೆ ಎಂದ. ಅದೇ ವರ್ಷ ಬಂದ ಇನ್ನೊಬ್ಬ, ಅವಳು ಸತ್ತು ಎಷ್ಟೋ ಕಾಲವಾಯಿತಲ್ಲ, ನಿಮಗೆ ಯಾರೂ ತಿಳಿಸಲಿಲ್ಲವೇ ಎಂದ. ಇಬ್ಬರೂ ಕುಡುಕರು, ಯಾರನ್ನು ನಂಬುವುದು? ವರ್ನೆಲ್ ದೊಡ್ಡವಳಾಗಿ, ಮೀನಿನ ಕಾರ್ಖಾನೆಯಲ್ಲಿ ಬೆರಳು ಸೆಟೆಯುವವರೆಗೆ ಮೀನು ಸೀಳಿ, ರೈಲಿಗೆ ದುಡ್ಡು ಕೂಡಿಸಿಕೊಂಡು ತಾನೇ ಹೋಗಿಬಂದಳು. ಅಮ್ಮನ ವಿಳಾಸದಲ್ಲಿ ಕಟ್ಟಡವೇ ಇರಲಿಲ್ಲ, ಬರೀ ಹುಲ್ಲು ಬೆಳೆದ ಬಯಲು. ವಾಪಸು ಬಂದವಳು ಮದುವೆಯಾದಳು, ಗಂಡನನ್ನು ಮಣ್ಣು ಮಾಡಿದಳು, ಮಕ್ಕಳಾಗಲಿಲ್ಲ, ಚರ್ಚಿನ ಬಾಗಿಲು ಹಿಡಿದಳು. ಎಲ್ಲರನ್ನೂ ಕೆಂಪಾ ಬಿಳಿಯಾ ಎಂದು ಕೇಳುವವಳನ್ನು ತಿರುಗಿ ಯಾರೂ ಕೇಳುವುದಿಲ್ಲ. ಒಳ್ಳೆಯ ಉಪಾಯ ಕಂಡುಕೊಂಡಿದ್ದಳು ನನ್ನ ಗೆಳತಿ.

ಆ ಉಪಾಯಕ್ಕೆ ಕಲ್ಲು ಹಾಕಿದವಳು ಜನೆಲ್. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಚುರುಕು ಹುಡುಗಿ, ಊರಿನ ಹೆಂಗಸರಿಗೆಲ್ಲ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ತಲೆ ಕೆಡಿಸಿಕೊಂಡವಳು. ನಮ್ಮ ಕಪ್ಪು ತಾಯಂದಿರು ಜೀವಮಾನವೆಲ್ಲ ಹತ್ತಿಹೊಲಕ್ಕೆ, ಬೇರೆಯವರ ಮನೆಗೆ ನಡೆದರು, ಯಾರೂ ಅವರಿಗೋಸ್ಕರ ಒಂದು ಹೆಜ್ಜೆ ಇಡಲಿಲ್ಲ, ಈ ಮೇ ತಿಂಗಳ ಶನಿವಾರಗಳಲ್ಲಿ ನಾವು ಅವರ ಹೆಸರಿನಲ್ಲಿ ನಡೆಯೋಣ ಎಂದು ಚರ್ಚಿನಲ್ಲಿ ನಿಂತು ಹೇಳಿದಳು. ಮಾತು ನನಗೂ ಹಿಡಿಸಿತು. ಆಮೇಲೆ ಅದಕ್ಕೊಂದು ಬಾಲ ಸೇರಿಸಿದಳು. ಕೆಂಪು ಹೂವಿನವರದು ಒಂದು ತಂಡ, ಬಿಳಿ ಹೂವಿನವರದು ಇನ್ನೊಂದು, ಯಾರು ಹೆಚ್ಚು ಮೈಲಿ ನಡೆಯುತ್ತಾರೋ ನೋಡೇಬಿಡೋಣ ಎಂದಳು.

ಮೊದಲ ಶನಿವಾರ ಬೆಳಿಗ್ಗೆ ಯಾಜೂ ನದಿಯ ದಂಡೆಯಲ್ಲಿ ಎಲ್ಲರೂ ಸೇರಿದೆವು. ವರ್ನೆಲ್ ನಡಿಗೆಗೂ ಸಮವಸ್ತ್ರದಲ್ಲೇ ಬಂದಿದ್ದಳು. ಎಲ್ಲರಿಗೂ ಹೂ ಚುಚ್ಚಿ ಪೆಟ್ಟಿಗೆ ಮುಚ್ಚಿದಳು. ನೀವು ಯಾವ ತಂಡ ಎಂದು ಜನೆಲ್ ಕೇಳಿದಾಗ, ನಾನು ಡ್ಯೂಟಿ ಮೇಲಿದ್ದೇನೆ ಎಂದಳು. ಡ್ಯೂಟಿ ಮೇಲಿರುವವರನ್ನು ಸಕ್ಕರೆ ಕಾಯಿಲೆ ಬಿಡುವುದಿಲ್ಲ ಎಂದು ಜನೆಲ್ ನಕ್ಕಳು. ವರ್ನೆಲ್ ನಗಲಿಲ್ಲ. ಎರಡು ಗುಂಪುಗಳ ನಡುವೆ ಒಬ್ಬಳೇ, ಬಿಳಿ ಕೈಗವಸಿನಲ್ಲಿ ಕಾರುಗಳಿಗೆ ಸನ್ನೆ ಮಾಡುತ್ತ, ನಮ್ಮೆಲ್ಲರಿಗಿಂತ ಬಿರುಸಾಗಿ ನಡೆದಳು. ಅಷ್ಟು ಚೆನ್ನಾಗಿ ನಡೆಯುವವಳನ್ನು ಯಾರು ಬಿಡುತ್ತಾರೆ? ಅವಳು ನಮ್ಮವಳು ಎಂದು ಕೆಂಪಿನವರು, ನಮ್ಮವಳು ಎಂದು ಬಿಳಿ ಹೂವಿನವರು ಜಗಳಕ್ಕೇ ಬಿದ್ದರು. ನನ್ನದು ಬಿಳಿ. ಆದರೆ ನಾನು ಬೂಟಿನ ದಾರ ಬಿಗಿಯುತ್ತ ಹಿಂದೆ ಉಳಿದೆ.

ಎರಡನೆಯ ಶನಿವಾರ ಆಗಬಾರದ್ದು ಆಯಿತು. ನಡಿಗೆಗೆ ಮುಂಚೆ ಜನೆಲ್ ತೀರಿಕೊಂಡ ತಾಯಂದಿರ ಹೆಸರು ಕರೆದಳು. ಒಂದೊಂದು ಹೆಸರಿಗೂ ನಾವು "ನಮ್ಮ ಜೊತೆ ನಡೀತಿದ್ದಾಳೆ" ಎನ್ನಬೇಕು. ನನ್ನ ಅಮ್ಮನ ಹೆಸರು ಬಂದಾಗ ನಾನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದೆ. ಅದರ ಬೆನ್ನಿಗೇ ಓಜೆಲ್ಲಾ ಗೇನ್ಸ್ ಎಂಬ ಹೆಸರು ಬಂತು. ವರ್ನೆಲ್‌ಗೇ ಇಷ್ಟು ವಯಸ್ಸಾಗಿರುವಾಗ ತಾಯಿ ಇನ್ನೆಲ್ಲಿ ಇರುತ್ತಾಳೆ ಎಂದು ಚರ್ಚಿನಲ್ಲಿ ಯಾರೋ ಹೇಳಿದ್ದರಂತೆ, ಹುಡುಗಿ ನಂಬಿದ್ದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ್ದಳು.

ವರ್ನೆಲ್ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಅವ್ಳು ಸತ್ತೋದ್ಲು ಅಂತ ನಿನಗ್ಯಾರು ಹೇಳಿದ್ದು?"

ಜನೆಲ್ ಕೈಯಲ್ಲಿದ್ದ ಹೆಸರುಗಳ ಪಟ್ಟಿಯನ್ನು ಕೆಳಗಿಳಿಸಿದಳು. "ತಪ್ಪಾಯ್ತು ಮಿಸ್ ವರ್ನೆಲ್. ಹಾಗಾದ್ರೆ ನಿಮ್ಮಮ್ಮ ಬದುಕಿದ್ದಾರಾ?"

"ಬದುಕಿದ್ದಾಳೆ ಅಂತ ಯಾರು ಹೇಳಿದ್ದು?"

ವರ್ನೆಲ್ ತಾನೇ ಆಡಿದ ಎರಡು ಮಾತುಗಳ ನಡುವೆ ದಾರಿ ತಪ್ಪಿದವಳಂತೆ ನಿಂತಿದ್ದಳು. ಆಮೇಲೆ ಹೂವಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ನದಿಗೆ ಬೆನ್ನು ಹಾಕಿ ಮನೆಗೆ ಹೋದಳು. ಆವತ್ತು ಯಾರೂ ಸರಿಯಾಗಿ ನಡೆಯಲಿಲ್ಲ.

ಮಧ್ಯಾಹ್ನ ನಾನು ಅವಳ ಮನೆಗೆ ಹೋದೆ. ಕೋಪದಲ್ಲಿದ್ದರೂ ಊಟ ಹಾಕದೆ ಬಿಡುವವಳಲ್ಲ. ಕರಿದ ಮೀನು, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ ಮುಂದಿಟ್ಟು ತಾನು ತಿನ್ನದೆ ಕೂತಳು. ನನಗೆ ಸಿಟ್ಟು ಬಂತು. ಅದೇನು ಅಷ್ಟು ಕಷ್ಟ, ಬಿಳಿಯನ್ನೇ ಹಾಕಿಕೊಂಡುಬಿಡು, ಇಷ್ಟು ವರ್ಷವಾದ ಮೇಲೆ ಯಾರು ತಪ್ಪು ತಿಳಿಯುತ್ತಾರೆ ಎಂದು ಗದರಿದೆ.

"ಬಿಳಿ ಸುಲಭ ಕಣೇ," ಎಂದಳು. "ಸತ್ತೋದ್ಲು ಅಂದ್ಬಿಟ್ರೆ, ಪಾಪ, ಬರೋಕಾಗ್ಲಿಲ್ಲ ಅಂತಾಗತ್ತೆ. ಆದ್ರೆ ನಾನೇ ನನ್ ಕೈಯಾರೆ ಅವಳನ್ನ ಮಣ್ಣು ಮಾಡ್ದಂಗಲ್ವಾ? ಕೆಂಪು ಹಾಕ್ಕೊಂಡ್ರೆ ಬದುಕಿದಾಳೆ. ಬದುಕಿದ್ರೆ, ಡೋರೆಥಾ, ಬರ್ಬೋದಿತ್ತು. ಬರ್ಲಿಲ್ಲ. ಯಾವ್ದನ್ನ ಚುಚ್ಕೊಳ್ಲಿ ಹೇಳು."

ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು. ಆ ದಿನ ಅದರಲ್ಲಿ ಮೀನಿನ ಮುಳ್ಳು ಬಿಟ್ಟರೆ ಬೇರೇನೂ ಇರಲಿಲ್ಲ. ಎರಡನ್ನೂ ಹಾಕಿಕೋ ಎನ್ನೋಣ ಎಂದುಕೊಂಡೆ, ಹೇಳಿದ್ದರೆ ಬಾಗಿಲು ತೋರಿಸುತ್ತಿದ್ದಳು. ಯಾವ ಹೂವೂ ಬೇಡ ಎನ್ನೋಣವೆಂದರೆ ಇಷ್ಟು ವರ್ಷ ಅವಳು ಮಾಡಿದ್ದೂ ಅದನ್ನೇ. ಅವಳು ಯಾವುದನ್ನು ಆರಿಸಲಿ ಎಂದು ನನ್ನ ಮನಸ್ಸಿನಲ್ಲಿತ್ತೋ ಈಗಲೂ ಹೇಳಲಾರೆ. ತಟ್ಟೆ ತೊಳೆದಿಟ್ಟು ಬಂದುಬಿಟ್ಟೆ.

ಮುಂದಿನ ಶನಿವಾರ ಪೆಟ್ಟಿಗೆ ಹಿಡಿದವಳು ನಾನು. ವರ್ನೆಲ್ ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಬಂದಳು. ಸಮವಸ್ತ್ರ ಇರಲಿಲ್ಲ, ಕೈಗವಸು ಇರಲಿಲ್ಲ. ಹೂಹೂವಿನ ಅಂಗಿ ತೊಟ್ಟು, ಮೀನು ಸೀಳಿ ಗಂಟು ಗಂಟಾದ ಬರಿಗೈಯಲ್ಲಿ ಸಾಲಿನ ಕೊನೆಗೆ ನಿಂತಳು. ಅವಳ ಸರದಿ ಬಂದಾಗ ನಾನು ಕೇಳಲೇಬೇಕಾಯಿತು. ಕೇಳಿದೆ. ಅವಳು ಪೆಟ್ಟಿಗೆಯೊಳಕ್ಕೆ ಕೈ ಹಾಕಿ ಬಿಳಿಯನ್ನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಜನೆಲ್ ದೂರದಲ್ಲಿ ಅಳುತ್ತ ನಿಂತಿದ್ದಳು. ಕೊನೆಗೆ ವರ್ನೆಲ್ ಕೆಂಪು ಹೂವನ್ನು ನನ್ನ ಕೈಗಿಟ್ಟಳು.

"ಬರದೆ ಇದ್ರೆ ಬರದೇ ಇರ್ಲಿ. ನಾನು ಬೇಡ್ವಾಗಿದ್ರೆ ಬೇಡ. ಎಲ್ಲಾದ್ರೂ ಬದುಕಿರ್ಲಿ ಅವ್ಳು."

ನಾನು ಅದನ್ನು ಅವಳ ಎದೆಗೆ ಚುಚ್ಚಿದೆ. ಹೂ ಸೊಟ್ಟಗೆ ಕೂತಿತು, ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ.

ಆವತ್ತು ಕೆಂಪಿನ ತಂಡದವರೆಲ್ಲ ತಮ್ಮ ತಾಯಂದಿರನ್ನು ಕರೆತಂದಿದ್ದರು. ಕೆಲವರು ತೋಳು ಹಿಡಿದು ನಡೆಸುತ್ತಿದ್ದರು, ಕೆಲವರು ಗಾಲಿಕುರ್ಚಿ ತಳ್ಳುತ್ತಿದ್ದರು. ನದಿಯ ದಂಡೆಯ ದಾರಿಯಲ್ಲಿ ಜೋಡಿ ಜೋಡಿಯಾಗಿ ಹೊರಟರು. ಅವರ ಹಿಂದೆ ವರ್ನೆಲ್ ಒಬ್ಬಳೇ ಇದ್ದಳು. ಎಂದಿನ ಬಿರುಸು ಇರಲಿಲ್ಲ, ಬಲಗೈಯನ್ನು ತುಸು ಮಡಚಿ, ವಯಸ್ಸಾದವರೊಬ್ಬರ ಹೆಜ್ಜೆಗೆ ಹೆಜ್ಜೆ ಕೂಡಿಸುವವಳಂತೆ ನಿಧಾನವಾಗಿ ನಡೆಯುತ್ತಿದ್ದಳು. ನನಗೆ ನೋಡಲಾಗಲಿಲ್ಲ. ನನ್ನದು ಬಿಳಿ ಹೂವಾದರೂ ತಂಡ ಬಿಟ್ಟು ಏದುಸಿರು ಬಿಡುತ್ತ ಓಡಿ, ಅವಳ ಬಲಗಡೆ ಖಾಲಿಯಿದ್ದ ಜಾಗಕ್ಕೆ ಹೋದೆ.

ವರ್ನೆಲ್ ನನ್ನ ತೋಳು ಹಿಡಿದು ತಡೆದಳು.

"ಆ ಕಡೆ ಬೇಡ ಕಣೇ," ಎಂದಳು. "ಈ ಕಡೆ ಬಾ."