ಬೇವಿನೆಣ್ಣೆ ಕೇಳಿ ಬೈಸಿಕೊಂಡದ್ದು

ಗೆಳೆಯರೇ, ಹಿತ್ತಲ ಬದನೆ ಗಿಡಕ್ಕೆ ಹುಳು ಬಿದ್ದಿದೆ ಎಂದು ಇವತ್ತು ದೇವದುರ್ಗದ ಕೀಟನಾಶಕದ ಅಂಗಡಿಯಲ್ಲಿ ಬೇವಿನೆಣ್ಣೆ ಕೇಳಿದೆ.

"ಬೇವಿಗೆಲ್ಲ ಹುಳ ಎಲ್ಲಿ ಸಾಯ್ತಾವ್ರೀ? ಈ ಔಷಧ ಒಯ್ರಿ, ನಾಳಿಗಿ ಒಂದೂ ಉಳಿಯಂಗಿಲ್ಲ," ಎಂದು ಅಂಗಡಿಯ ಸಾಹುಕಾರರು ರೇಗಿ ಕೆಂಪು ಡಬ್ಬಿ ಮುಂದಿಟ್ಟರು.

ಅಷ್ಟರಲ್ಲಿ ಅವರ ಹೆಂಡತಿಯ ಫೋನ್ ಬಂತು. ಮನೆಯ ಜೋಳಕ್ಕೆ ನುಸಿ ಹತ್ತಿದೆ, ಅಂಗಡಿಯಿಂದ ಏನಾದರೂ ತರಬೇಕಂತೆ.

"ಹುಚ್ಚ ಹಿಡದದೇನು ನಿನಗ? ಬೇವಿನ ತಪ್ಪಲ ಒಣಗಿಸಿ ಚೀಲದಾಗ ಹಾಕು. ತಿನ್ನೋರು ನಾವು," ಎಂದು ಗದರಿದರು.

"ಬದನಿಕಾಯಿನೂ ನಾವ ತಿನ್ನೋದ್ರೀ, ಸಾಹುಕಾರ್ರ," ಎಂದೆ.

ಅವರು ಕೆಳಗಿನ ಖಾನೆಯಿಂದ ಬೇವಿನೆಣ್ಣೆಯ ಬಾಟಲಿ ತೆಗೆದು, ಹೆಗಲ ಟವೆಲ್ಲಿನಿಂದ ಒರೆಸಿ ಕೊಟ್ಟರು. ಅದರ ಮೇಲಿನ ಧೂಳು ನೋಡಿದರೆ, ತಾನು ಬೆಳೆದದ್ದನ್ನು ತಾನೇ ತಿನ್ನುವ ಗಿರಾಕಿ ಆ ಅಂಗಡಿಗೆ ಬಂದು ಬಹಳ ದಿನವಾಗಿತ್ತು.