ಕೊಬ್ಬರಿ ರೇಟಿಗೆ ಭಾಗಿಸಿದ ಪದವಿ

ಕಳೆದ ವಾರ ತಿಪಟೂರಿನಲ್ಲಿ ಹಲ್ಲೊಂದನ್ನು ಕೀಳಿಸಿಕೊಂಡಾಗ, ದಂತವೈದ್ಯರು ಹೇಳಿದ ಮೊತ್ತವನ್ನು ಕೇಳಿ, ಬಾಯಿಯಲ್ಲಿ ಹತ್ತಿ ತುರುಕಿದ್ದರೂ ನನ್ನಿಂದ ಹೊರಬಿದ್ದ ಮೊದಲ ಉದ್ಗಾರ ‘ಆರು ಕೆ.ಜಿ.’ ಎಂಬುದು. ಬೇರೆ ಸೀಮೆಯ ವೈದ್ಯರಾಗಿದ್ದರೆ ಮತಿಭ್ರಮಣೆಯೆಂದು ಇನ್ನೊಬ್ಬರ ಬಳಿ ಕಳಿಸುತ್ತಿದ್ದರೋ ಏನೋ. ಇವರು ನಮ್ಮೂರಿನವರೇ ಆದ್ದರಿಂದ, ‘ಐದಕ್ಕೆ ಮುಗಿಸೋಣ ಬಿಡಿ ಮೇಷ್ಟ್ರೇ’ ಎಂದು ನಕ್ಕರು. ತೆಂಗಿನ ಸೀಮೆಯ ನಮಗೆ ರೂಪಾಯಿ ಎಂಬುದು ಸರ್ಕಾರ ಅಚ್ಚು ಹಾಕುವ ಕಾಗದ ಮಾತ್ರ. ಛತ್ರಿಯಾಗಲಿ, ಸ್ಕೂಟರಾಗಲಿ, ಬೀಗರ ಊಟವಾಗಲಿ, ಅದನ್ನು ಆ ವಾರದ ಹರಾಜಿನ ರೇಟಿನಿಂದ ಭಾಗಿಸಿ ಕೊಬ್ಬರಿಯ ತೂಕಕ್ಕೆ ಇಳಿಸಿದ ಮೇಲೆಯೇ ಅದರ ಬೆಲೆ ನಮಗೆ ಅರ್ಥವಾಗುವುದು.

ಈ ಭಾಗಾಕಾರದಲ್ಲಿ ಹೊನ್ನವಳ್ಳಿಯ ಸುತ್ತ ನಾನು ಸ್ವಲ್ಪ ಹೆಸರು ಮಾಡಿದವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಬೋಧಿಸಿ ನಿವೃತ್ತನಾದ ನನ್ನ ಬಳಿಗೆ, ಮಕ್ಕಳ ಪಿ.ಯು. ಫಲಿತಾಂಶ ಬಂದ ಕೂಡಲೇ ಹಳೆಯ ಶಿಷ್ಯರು ಬರುತ್ತಾರೆ. ಇಂಜಿನಿಯರಿಂಗಿಗೆ ಸೇರಿಸಿದರೆ ಖರ್ಚೆಷ್ಟು, ಮುಂದೆ ಬರುವುದೆಷ್ಟು, ಒಟ್ಟಿನಲ್ಲಿ ಗಿಟ್ಟುತ್ತದೋ ಇಲ್ಲವೋ ಎಂಬುದನ್ನು ನಾನು ಒಂದು ಹಾಳೆಯ ಮೇಲೆ ಬರೆದು ಕೊಡಬೇಕು. ಕಾಫಿ ಅವರಿಗೆ ನಮ್ಮ ಮನೆಯದೇ. ನನಗೆ ಸಿಗುವ ಸಂಭಾವನೆಯೆಂದರೆ ‘ಮೇಷ್ಟ್ರ ಲೆಕ್ಕ ತಪ್ಪಲ್ಲ’ ಎಂಬ ಪ್ರಶಂಸೆ. ಅದನ್ನು ಕೇಳಿ ಒಳಗೊಳಗೇ ಉಬ್ಬುತ್ತಿದ್ದೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಏಕೆಂದರೆ ಆ ಹಾಳೆಯನ್ನು ಮೊಟ್ಟಮೊದಲು ಬರೆದದ್ದು ನನ್ನ ಹಿರಿಯ ಮಗಳು ಕಾವ್ಯಳಿಗಾಗಿ. ಸಂಬಳ ಸಂಸಾರಕ್ಕೆ, ತೋಟದ ಹುಟ್ಟುವಳಿ ಮಕ್ಕಳ ಓದಿಗೆ ಎಂಬುದು ನಮ್ಮ ಮನೆಯ ಅಲಿಖಿತ ಶಾಸನ. ಒಂಬತ್ತು ವರ್ಷದ ಹಿಂದೆ ಅವಳಿಗೆ ಸೀಟು ಸಿಕ್ಕಾಗ ಕೊಬ್ಬರಿ ನೆಲಕಚ್ಚಿತ್ತು. ನಾಲ್ಕು ವರ್ಷದ ಫೀಸು, ಹಾಸ್ಟೆಲ್ಲು, ಪುಸ್ತಕ, ಬಸ್ಸು ಎಲ್ಲವನ್ನೂ ಕೂಡಿಸಿದರೆ ಐದು ಲಕ್ಷ. ಅದನ್ನು ಆ ವಾರದ ರೇಟಿನಿಂದ ಭಾಗಿಸಿದೆ. ಐವತ್ತು ಕ್ವಿಂಟಾಲ್! ನಮ್ಮ ತೋಟದ ಐದು ವರ್ಷದ ಫಸಲು. ಕೊಬ್ಬರಿಗೆಂದು ಅಟ್ಟದ ಮೇಲೆ ಒಣಗಲು ಹಾಕಿದ ಅಷ್ಟೂ ಕಾಯಿ ಒಂದೇ ಸಲ ಉರುಳಿ ನನ್ನ ತಲೆಯ ಮೇಲೆಯೇ ಬಿದ್ದಂತಾಯಿತು. ಹಾಳೆಯನ್ನು ಅವಳ ಮುಂದಿಟ್ಟು, ‘ನೀನೇ ನೋಡಮ್ಮ, ಗಿಟ್ಟಲ್ಲ’ ಎಂದೆ. ಗಣಿತದಲ್ಲಿ ನನ್ನ ತರಗತಿಗೇ ಮೊದಲಿಗಳಾಗಿದ್ದ ಹುಡುಗಿ ಅದನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿ, ‘ಆಯ್ತಪ್ಪಾಜಿ’ ಎಂದು ಎದ್ದುಹೋದಳು. ಆಮೇಲೆ ತಿಪಟೂರಿನಲ್ಲಿಯೇ ಬಿ.ಕಾಂ. ಮುಗಿಸಿದಳು. ಈಗ ತುರುವೇಕೆರೆಯಲ್ಲಿ ಗಂಡನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ಮೊಳೆ, ಪೈಪು, ಬಣ್ಣದ ಡಬ್ಬಗಳ ಬಿಲ್ಲು ಬರೆಯುತ್ತಾಳೆ.

ನಾಲ್ಕು ವರ್ಷದ ನಂತರ ಕಿರಿಯವಳು ಸಿಂಧುವಿನ ಸರದಿ ಬಂದಾಗ ಖರ್ಚು ಆರು ಲಕ್ಷಕ್ಕೆ ಏರಿತ್ತು. ಆದರೆ ಕೊಬ್ಬರಿ ಅದಕ್ಕಿಂತ ಜೋರಾಗಿ ಏರಿತ್ತು. ಭಾಗಿಸಿದರೆ ಬರೀ ಮೂವತ್ತೈದು ಕ್ವಿಂಟಾಲ್. ಅಗ್ಗವಾಯಿತೆಂದು ಹಿಗ್ಗಿ ಸೇರಿಸಿಬಿಟ್ಟೆ. ಅವಳು ಎರಡನೆಯ ವರ್ಷಕ್ಕೆ ಕಾಲಿಡುವಷ್ಟರಲ್ಲಿ ರೇಟು ಜಾರತೊಡಗಿತು, ಮೂರನೆಯ ವರ್ಷಕ್ಕೆ ಪಾತಾಳ ಕಂಡಿತು. ಓದು ಮುಗಿಯುವ ವೇಳೆಗೆ ಅಟ್ಟದಿಂದ ಇಳಿದು ಹೋದ ಕೊಬ್ಬರಿ ಐವತ್ತನ್ನೂ ದಾಟಿತ್ತು. ಇನ್ನು ವರಮಾನದ ಮಾತು. ಒಂದು ವರ್ಷ ಮನೆಯಲ್ಲಿ ಕೂತು ಅರ್ಜಿ ಹಾಕಿದ ಮೇಲೆ ತುಮಕೂರಿನ ಒಂದು ಕಚೇರಿಯಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸ ಸಿಕ್ಕಿದೆ. ಪಿ.ಜಿ. ಬಾಡಿಗೆ, ಊಟ ಕಳೆದರೆ ಅವಳ ಕೈಯಲ್ಲಿ ಉಳಿಯುವುದು ತಿಂಗಳಿಗೆ ಇಪ್ಪತ್ತು ಕೆ.ಜಿ. ನೋಡಿ, ಇಷ್ಟಾದರೂ ನನ್ನ ಚಾಳಿ ಬಿಡಲಿಲ್ಲ.

ಮೊನ್ನೆ ಭಾನುವಾರ ಶೆಟ್ಟಿಕೆರೆಯಿಂದ ರುದ್ರೇಶ ಬಂದ. ನನ್ನ ಹಳೆಯ ಶಿಷ್ಯ, ತೋಟ ಮಾಡಿಕೊಂಡಿದ್ದಾನೆ. ಜೊತೆಗೆ ಮಗಳು ಚೈತ್ರ, ಸೀಟಿನ ಕಾಗದವಿದ್ದ ಫೈಲನ್ನು ಎದೆಗವಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹಬ್ಬದ ಬಾಗಿನಕ್ಕೆಂದು ಬಂದಿದ್ದ ಕಾವ್ಯ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು.

‘ನಾಳೆ ಫೀಸ್ ಕಟ್ಟಾಕೆ ಕಡೇ ದಿನ ಕಣ್ರೀ ಮೇಷ್ಟ್ರೇ’ ಎಂದ ರುದ್ರೇಶ. ‘ಕೊಬ್ರಿಗೆ ಇಂಥಾ ರೇಟು ನಮ್ಮಪ್ಪನ ಕಾಲ್ದಾಗೂ ಕಂಡಿಲ್ಲ. ಏಳು ಲಕ್ಷ ಅಂದ್ರೆ ಎಷ್ಟಾಯ್ತದೆ, ವಸಿ ಹಾಕ್ಬುಡಿ.’

ಹಾಕಿದೆ. ಇಪ್ಪತ್ತೆಂಟು ಕ್ವಿಂಟಾಲ್. ಅವನ ಮುಖ ಅರಳಿತು, ಚೈತ್ರಳ ಹಿಡಿತ ಸಡಿಲವಾಯಿತು, ನಾನೂ ಎಂದಿನಂತೆ ಬೀಗಿದೆ. ಆಗ ಕಾಫಿಯ ತಟ್ಟೆಯನ್ನು ಕೆಳಗಿಟ್ಟ ಕಾವ್ಯ ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು.

‘ರುದ್ರೇಶಣ್ಣ, ಇವತ್ತಿನ ರೇಟಿಗೆ ನಾಲ್ಕು ವರ್ಷದ್ದನ್ನೂ ಭಾಗಿಸ್ಬೇಡಿ. ನಾಲ್ಕು ವರ್ಷದ ಕೊಬ್ರಿನ ಇವತ್ತೇ ಮಾರ್ತೀರಾ? ಬಿದ್ದಾಗಿನ ರೇಟು ಹಾಕಿ ನೋಡಿ. ಅದಕ್ಕೂ ಧೈರ್ಯ ಇದ್ರೆ ಸೇರ್ಸಿ. ನಡುವೆ ಬಿಡಿಸೋ ಹಂಗಾಗ್ಬಾರ್ದು.’

ನನ್ನ ಹಾಳೆಯ ಕೆಳಗೇ ಬರೆದು ತೋರಿಸಿದಳು. ಎಪ್ಪತ್ತು. ರುದ್ರೇಶನ ಕಾಫಿ ಆರಿ ಕೆನೆ ಕಟ್ಟಿತು. ಅವನು ಮಗಳ ಕಡೆ ನೋಡಿದ; ಮಗಳು ನೆಲ ನೋಡುತ್ತಿದ್ದಳು. ಆಮೇಲೆ ಹಾಳೆಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡು, ‘ಎಪ್ಪತ್ತಾದ್ರೆ ಎಪ್ಪತ್ತೇ ಆಗ್ಲಿ ಬುಡಮ್ಮ. ಓದ್ಲಿ. ಕೆಲ್ಸ ಸಿಕ್ಕದಿದ್ರೆ ಆವಾಗ ನೋಡ್ಕಳಾನ’ ಎಂದು ಎದ್ದ.

ಅವರ ಬೈಕು ತಿರುವು ದಾಟುವವರೆಗೂ ನಾನು ಜಗಲಿಯ ಮೇಲೆಯೇ ನಿಂತಿದ್ದೆ. ನಾನು ಐವತ್ತಕ್ಕೆ ಹೆದರಿದ್ದೆ, ಅವನು ಎಪ್ಪತ್ತಕ್ಕೆ ಹೆದರಲಿಲ್ಲ. ಆ ಪದವಿಯಿಂದ ಚೈತ್ರಳಿಗೆ ಏನು ಸಿಗುತ್ತದೋ ನಾನರಿಯೆ. ಸಿಂಧುವನ್ನು ಕಂಡವನಿಗೆ ಭರವಸೆಯ ಮಾತು ಸುಲಭವಾಗಿ ಬರುವುದಿಲ್ಲ. ಆದರೆ ಕಾವ್ಯ ಓದಬೇಕಾಗಿದ್ದ ಆ ನಾಲ್ಕು ವರ್ಷಗಳಲ್ಲಿ ರೇಟು ಮತ್ತೆ ಮೇಲೆದ್ದಿತ್ತು ಎಂಬುದು ಕೊಬ್ಬರಿ ಮಂಡಿಯ ಹಳೆಯ ಚೀಟಿಗಳನ್ನು ನೋಡಿದ ನನಗೆ ಗೊತ್ತು. ವರ್ಷ ವರ್ಷದ ರೇಟಿಗೆ ಹಾಕಿದ್ದರೆ ಅವಳ ಓದು ಮೂವತ್ತೈದು ಕ್ವಿಂಟಾಲಿಗೆ ಮುಗಿಯುತ್ತಿತ್ತು. ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಸಂಜೆ ಕಾವ್ಯಳನ್ನು ಬಸ್ಸಿಗೆ ಹತ್ತಿಸಲು ಹೋದೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ, ಇನ್ನು ತಡೆಯಲಾರದೆ, ‘ಆ ತಪ್ಪು ನಿನಗೆ ಯಾವಾಗ ಗೊತ್ತಾಯ್ತಮ್ಮ?’ ಎಂದು ಕೇಳಿದೆ.

‘ಅವತ್ತೇ ಗೊತ್ತಾಯ್ತಪ್ಪಾಜಿ. ನಾಲ್ಕು ವರ್ಷಕ್ಕೂ ಒಂದೇ ರೇಟು ಹಾಕಿದ್ರಿ.’

‘ಮತ್ತೆ ಯಾಕೆ ಹೇಳ್ಲಿಲ್ಲ?’

ಅವಳು ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿದಳು. ‘ಲೆಕ್ಕ ಹೇಳ್ಕೊಟ್ಟೋರೇ ನೀವು. ನಿಮಗೆ ಇಷ್ಟು ಗೊತ್ತಾಗಲ್ವಾ ಅಂದ್ಕೊಂಡೆ. ನನ್ನ ಕಳಿಸೋಕೆ ಮನಸ್ಸಿಲ್ಲ, ಬಾಯಿಬಿಟ್ಟು ಹೇಳೋಕಾಗ್ದೆ ಹಿಂಗೆ ಲೆಕ್ಕ ಬರೆದಿದಾರೆ ಅಂತ ಸುಮ್ಮನಾದೆ.’

ಅದರಲ್ಲಿ ಕೋಪವಿರಲಿಲ್ಲ. ಯಾವುದೋ ಹಳೆಯ ಬಿಲ್ಲನ್ನು ಓದಿ ಹೇಳುವವಳಂತೆ ಹೇಳಿದಳು. ಒಂಬತ್ತು ವರ್ಷ ನನ್ನ ಮಗಳು ಹೀಗೆ ತಿಳಿದುಕೊಂಡೇ ಬಾಗಿನಕ್ಕೆ ಬಂದಿದ್ದಳು, ನನಗೆ ಕಾಫಿ ಮಾಡಿಕೊಟ್ಟಿದ್ದಳು, ಬಸ್ಸು ಹತ್ತಿ ಹೋಗಿದ್ದಳು. ಅಷ್ಟರಲ್ಲಿ ಬಸ್ಸು ಬಂದು, ಅವಳು ಹತ್ತಿ, ಕಿಟಕಿಯ ಪಕ್ಕ ಕೂತಳು. ಕಂಡಕ್ಟರೂ ನನ್ನ ಶಿಷ್ಯನೇ, ಒಳಗಿದ್ದವರಲ್ಲಿ ಇನ್ನೂ ನಾಲ್ಕೈದು ಜನ ನನಗೆ ನಮಸ್ಕಾರ ಮಾಡಿದರು. ಬಸ್ಸು ಹೊರಟಿತು. ನಾನು ಅದರ ಜೊತೆಗೆ ನಾಲ್ಕು ಹೆಜ್ಜೆ ಓಡಿ, ಕಿಟಕಿಯ ಸರಳು ಹಿಡಿದು, ಎಲ್ಲರಿಗೂ ಕೇಳುವಂತೆ ಕೂಗಿದೆ: ‘ಮನಸ್ಸಿತ್ತು ಕಣಮ್ಮ. ನಂಗೆ ಲೆಕ್ಕ ಬರ್ಲಿಲ್ಲ.’